ಸ್ವಲ್ಪ ಸ್ವಲ್ಪ ಕಲಿ ಅಂತಾರೆ, ಆದ್ರೆ ಯಾವ ಸ್ವಲ್ಪ?

ನಮ್ಮ ಕಾಸರಗೋಡಿನ ಕನ್ನಡದವರು ಮಲೆಯಾಳ ಓದ್ಲಿಕ್ಕೆ ಕಲಿಯುದು ಇರ್ಲಿ, ಸಂಗೀತ ಇರ್ಲಿ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಯ ಲೆಕ್ಕ ಇರ್ಲಿ, ಕಷ್ಟ ಆಗ್ತದೆ ಮಾರಾಯ್ರೆ ಅಂತ ಯಾರ ಹತ್ರ ಹೇಳಿದ್ರೂ ಸಿಗುವ ಸಲಹೆ ಒಂದೇ, ದಿನಾ ಸ್ವಲ್ಪ ಸ್ವಲ್ಪ ಕಲಿ, ಬರ್ತದೆ. ಸುಳ್ಳೇನೂ ಅಲ್ಲ ಅದು. ಆದ್ರೆ ಆ ಸ್ವಲ್ಪ ಎಷ್ಟು, ಅದಕ್ಕಿಂತ ಮುಖ್ಯ ಯಾವುದು, ಅದನ್ನು ಮಾತ್ರ ಯಾರೂ ಹೇಳುದಿಲ್ಲ. ಹಾಗಾಗಿ ನಾವು ಎಂತ ಮಾಡ್ತೇವೆ, ಪುಸ್ತಕ ತಗೊಂಡು ಒಟ್ಟು ಪುಟವನ್ನು ದಿನದ ಲೆಕ್ಕಕ್ಕೆ ಭಾಗಿಸಿ ದಿನಕ್ಕೆ ಇಷ್ಟು ಪುಟ ಅಂತ ಗೀಟು ಹಾಕ್ತೇವೆ, ಮೊದಲ ವಾರ ಚಂದ ಹೋಗ್ತದೆ, ಆಮೇಲೆ ಒಂದು ಪುಟದಲ್ಲಿ ಸಿಕ್ಕಿಬಿದ್ದು ಅಲ್ಲಿಗೆ ಪುಸ್ತಕ ಅಟ್ಟ ಸೇರ್ತದೆ.

ಪುಟದ ಲೆಕ್ಕದಲ್ಲಿ ತುಂಡು ಮಾಡಿದ್ದೇ ತಪ್ಪು. ಯಾಕಂದ್ರೆ ಜಾಸ್ತಿ ಇರುದು ಬೇರೆ, ಕಷ್ಟ ಇರುದು ಬೇರೆ. ಒಂದು ಸಾವಿರ ಹೊಸ ಶಬ್ದ ಬಾಯಿಪಾಠ ಮಾಡುದು ಜಾಸ್ತಿ ಕೆಲಸ, ಆದ್ರೆ ಕಷ್ಟದ ಕೆಲಸ ಅಲ್ಲ, ಒಂದು ಶಬ್ದ ಬಾರದಿದ್ರೆ ಇನ್ನೊಂದಕ್ಕೆ ತೊಂದ್ರೆ ಇಲ್ಲ, ಎಲ್ಲಿಂದ ಬೇಕಾದ್ರೂ ಶುರು ಮಾಡ್ಬಹುದು, ಎಲ್ಲಿ ಬೇಕಾದ್ರೂ ನಿಲ್ಲಿಸ್ಬಹುದು. ಅದೇ ಪಂಚಾಯತಿಂದ ಬಂದ ನಾಲ್ಕೇ ಸಾಲಿನ ಮಲೆಯಾಳ ನೋಟೀಸು ನೋಡಿ, ನಾಲ್ಕು ಸಾಲು ಅಂದ್ರೆ ಎಂತ ಜಾಸ್ತಿ ಅಲ್ಲ, ಆದ್ರೆ ಅಕ್ಷರದ ಆಕಾರ, ಕೂಡಕ್ಷರ, ಶಬ್ದದ ಅರ್ಥ, ಕಚೇರಿ ಭಾಷೆಯ ಉದ್ದ ವಾಕ್ಯ, ಇದೆಲ್ಲ ಒಟ್ಟಿಗೆ ತಲೆಯಲ್ಲಿ ಹಿಡ್ಕೊಂಡ್ರೆ ಮಾತ್ರ ಅದು ಅರ್ಥ ಆಗುದು. ಕಷ್ಟ ಅಂದ್ರೆ ಇದು, ಒಂದೇ ಹೊತ್ತಿಗೆ ಹಿಡ್ಕೊಳ್ಬೇಕಾದ ಹೊಸ ಸಂಗತಿಗಳ ಸಂಖ್ಯೆ. ಮೆಟ್ಟಿಲು ಮಾಡುದಿದ್ರೆ ಈ ಸಂಖ್ಯೆಯನ್ನು ಕಡಿಮೆ ಮಾಡ್ಬೇಕು, ಪುಟದ ಸಂಖ್ಯೆಯನ್ನಲ್ಲ.

ತಲೆ ಒಂದು ಸಲಕ್ಕೆ ಎಷ್ಟು ಹಿಡ್ಕೊಳ್ತದೆ ಅನ್ನುದಕ್ಕೆ ಲೆಕ್ಕ ಉಂಟು. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಒಂದು ಲೇಖನ ಬರೆದ್ರು, ನಮ್ಮ ತಕ್ಷಣದ ನೆನಪಿನಲ್ಲಿ ಸುಮಾರು ಏಳು ಸಂಗತಿ ನಿಲ್ತದೆ, ಕೆಲವರಿಗೆ ಎರಡು ಕಡಿಮೆ, ಕೆಲವರಿಗೆ ಎರಡು ಹೆಚ್ಚು ಅಂತ. ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಅನ್ನುವವರು ಹಳೆ ಪ್ರಯೋಗಗಳನ್ನೆಲ್ಲ ಪುನಃ ಜಾಲಾಡಿ, ಏಳು ಎಲ್ಲಿ ಸ್ವಾಮಿ, ಬಾಯಲ್ಲೇ ಪುನಃ ಪುನಃ ಹೇಳಿಕೊಳ್ಳುವ ಉಪಾಯ ಎಲ್ಲ ತೆಗೆದ್ರೆ ನಾಲ್ಕರ ಹತ್ರ ಮಾತ್ರ ಅಂದ್ರು. ನಾಲ್ಕು. ಪ್ರೊಫೆಸರಿಗೂ ಅಷ್ಟೇ, ಎಲ್ಕೆಜಿ ಮಗುವಿಗೆ ಅದಕ್ಕಿಂತಲೂ ಕಡಿಮೆ.

ಹಾಗಾದ್ರೆ ಬುದ್ಧಿವಂತರಿಗೆ ಅಷ್ಟೆಲ್ಲ ಹೇಗೆ ಹಿಡೀತದೆ? ಅದಕ್ಕೆ 1973ರ ಚೆಸ್ ಪ್ರಯೋಗ ಒಳ್ಳೆ ಉತ್ತರ. ಚೇಸ್ ಮತ್ತು ಸೈಮನ್ ಅಂತ ಇಬ್ಬರು, ನಿಜವಾದ ಆಟದ ಮಧ್ಯದ ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿದ್ರು, ದೊಡ್ಡ ಆಟಗಾರ ಹೆಚ್ಚಿನ ಕಾಯಿಗಳನ್ನು ಅದೇ ಜಾಗದಲ್ಲಿ ಇಟ್ಟು ತೋರಿಸಿದ, ಹೊಸಬನಿಗೆ ನಾಲ್ಕೈದು ಕಾಯಿ ಬಿಟ್ರೆ ಮತ್ತೆ ನೆನಪಿಲ್ಲ. ಆಮೇಲೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ದೊಡ್ಡ ಆಟಗಾರನೂ ಹೆಚ್ಚು ಕಡಿಮೆ ಹೊಸಬನ ಸಾಲಿಗೇ ಬಂದ. ಅಂದ್ರೆ ಅವನ ತಲೆ ದೊಡ್ಡದಾದದ್ದಲ್ಲ, ಹತ್ತಾರು ವರ್ಷ ಆಡಿ ಆಡಿ ಕೆಲವು ಕಾಯಿ ಸೇರಿದ ಒಂದು ನಮೂನೆಯೇ ಅವನಿಗೆ ಒಂದು ಸಂಗತಿ ಆಗಿಬಿಟ್ಟಿದೆ, ಹಿಡಿಯುದು ಅವನೂ ನಾಲ್ಕೋ ಏಳೋ, ಆದ್ರೆ ಅವನ ಒಂದೊಂದರಲ್ಲಿ ಹಲವು ಅಡಗಿದೆ. 1980ರಲ್ಲಿ ಪ್ರಕಟ ಆದ ಇನ್ನೊಂದು ಪ್ರಯೋಗ ಉಂಟು, ಒಬ್ಬ ಕಾಲೇಜು ಹುಡುಗ, ಅಂಕೆಗಳನ್ನು ಓದಿ ಹೇಳಿದ್ರೆ ಶುರುವಿಗೆ ಎಲ್ಲರ ಹಾಗೆ ಏಳು ಅಂಕೆ ಹೇಳ್ತಿದ್ದವ, 230 ಗಂಟೆಯಷ್ಟು ಅಭ್ಯಾಸ ಮಾಡಿ 79 ಅಂಕೆಗೆ ಹೋದ. ಓಟಗಾರ ಅವ, ಮೂರು ನಾಲ್ಕು ಅಂಕೆ ಸೇರಿಸಿ ಅದನ್ನು ಓಟದ ಟೈಮಿಂಗ್ ಮಾಡಿಕೊಳ್ತಿದ್ದ. ಅಂಕೆ ಬಿಟ್ಟು ಅಕ್ಷರ ಕೊಟ್ಟು ನೋಡಿದ್ರು, ಪುನಃ ಆರಕ್ಕೆ ಇಳಿದ!

ನನಗೆ ಈ ಆರಕ್ಕೆ ಇಳಿದ ವಿಷಯವೇ ಇಡೀ ಪ್ರಯೋಗದಲ್ಲಿ ದೊಡ್ಡದು ಅಂತ ಕಾಣ್ತದೆ. "ನೆನಪಿನ ಶಕ್ತಿ ಹೆಚ್ಚಿಸುವ" ಕೋರ್ಸು, ಹುಡಿ, ಲೇಹ್ಯ ಮಾರುವವರು ಇದನ್ನು ಹೇಳುದಿಲ್ಲ. ಜಾಗ ಹೆಚ್ಚುದಿಲ್ಲ, ಹಳೆಯದು ಗಂಟು ಕಟ್ಟಿ ಚಿಕ್ಕದಾಗ್ತದೆ ಅಷ್ಟೇ, ಅದೂ ಯಾವುದನ್ನು ಅಭ್ಯಾಸ ಮಾಡಿದ್ದೀರೋ ಅದರಲ್ಲಿ ಮಾತ್ರ. ಹಾಗಾಗಿ ಒಂದು ಮೆಟ್ಟಿಲು ಅಂದ್ರೆ, ಹೊಸತು ಒಂದೋ ಎರಡೋ, ಉಳಿದದ್ದೆಲ್ಲ ಮೊದಲೇ ಗಂಟು ಕಟ್ಟಿಟ್ಟದ್ದು. ಈ ಹೊಸತೂ ಗಂಟಿನೊಳಗೆ ಹೋದ ಮೇಲೆ ಮುಂದಿನ ಮೆಟ್ಟಿಲು.

ಈಗ ಮಲೆಯಾಳಕ್ಕೆ ಬರುವ, ಯಾಕಂದ್ರೆ ನಮ್ಮ ಕಡೆ ಕನ್ನಡ ಮೀಡಿಯಂನಲ್ಲಿ ಕಲಿತವರಿಗೆ, ಪುತ್ತೂರು ವಿಟ್ಲ ಕಡೆಯಿಂದ ಮದುವೆಯಾಗಿ ಬಂದವರಿಗೆ ಎಲ್ಲ ಇದು ದಿನನಿತ್ಯದ ವಿಷಯ. ನಮ್ಮ ಅತ್ತಿಗೆ ವಿಟ್ಲದವರು. ಬಂದ ಹೊಸತರಲ್ಲಿ ನೀರ್ಚಾಲಿನ ಬಸ್ ಸ್ಟಾಪಲ್ಲಿ ನಿಂತ್ರೆ ಬರುವ ಬಸ್ಸು ಯಾವ ಕಡೆಗೆ ಅಂತ ಪಕ್ಕದವರನ್ನು ಕೇಳ್ಬೇಕಿತ್ತು. ಅಕ್ಷರಮಾಲೆಯ ಪುಸ್ತಕ ತಂದು ಅ ಆ ಇ ಈ ಅಂತ ಶುರು ಮಾಡಿದ್ರು, ಎರಡು ಸಲ ಬಿಟ್ರು. ಬಿಡದೆ ಎಂತ ಮಾಡುದು, ಐವತ್ತು ಚಿಲ್ಲರೆ ಆಕಾರ ಸಾಲಾಗಿ ನಿಂತಿದೆ, ಒಂದಕ್ಕೂ ಅರ್ಥ ಇಲ್ಲ, ಒಂದರಿಂದಲೂ ಪ್ರಯೋಜನ ಇಲ್ಲ, ಕೊನೆಯ ಳ, ೞ, ಱ ಬರುವಷ್ಟರಲ್ಲಿ ಶುರುವಿನ ಅ ಮರೆತಿರ್ತದೆ.

ಆಮೇಲೆ ದಾರಿ ತೋರಿಸಿದ್ದು ಅವರ ಮಗಳು. ಅಮ್ಮ, ನೀನು ಬೋರ್ಡು ಓದು, ಅಂದ್ಲು. ಆ ಹುಡುಗಿಗೆ ಸಿದ್ಧಾಂತ ಗಿದ್ಧಾಂತ ಗೊತ್ತಿಲ್ಲ, ಆದ್ರೆ ಹೇಳಿದ್ದು ಬರೋಬ್ಬರಿ. ಊರ ಹೆಸರಿನ ಬೋರ್ಡಿನಲ್ಲಿ ಎಂತ ವಿಶೇಷ ನೋಡಿ: ಶಬ್ದ ಗೊತ್ತುಂಟು, ಉಚ್ಚಾರ ಗೊತ್ತುಂಟು, ಅರ್ಥದ ಚಿಂತೆ ಇಲ್ಲ, ಹೊಸತು ಅಂತ ಉಳಿದದ್ದು ಆಕಾರ ಒಂದೇ. ಉಪ್ಪಳ ಅಂತ ಬರೆದ ಬೋರ್ಡಿನಲ್ಲಿ ಮೂರೇ ಆಕಾರ, ಉ, ಪ್ಪ, ಳ. ಕುಂಬಳೆಗೆ ಮಲೆಯಾಳದಲ್ಲಿ ಕುಂಬಳ ಅಂತ ಬರೀತಾರೆ, ಅದರ ಕೊನೆಗೂ ಅದೇ ಳ. ಎರಡು ಬೋರ್ಡು ನೋಡಿದ ಮೇಲೆ ಓ ಇದು ಳ ಅಂತ ಯಾರೂ ಹೇಳಿಕೊಡದೆ ಗೊತ್ತಾಗ್ತದೆ, ತಾನೇ ಹಿಡಿದದ್ದು ಆದ ಕಾರಣ ಮರೆಯುದೂ ಇಲ್ಲ. ಪೆರ್ಲಕ್ಕೆ ಮಲೆಯಾಳದಲ್ಲಿ ಪೆರ್ಳ ಅಂತ ಬರೀತಾರೆ, ಅದರ ಬೋರ್ಡು ಬಂದಾಗ ಪ ಮತ್ತು ಳ ಹಳೆಯವು, ಹೊಸತು ಎರಡು ಮಾತ್ರ. ಒಂದು ಎ-ಕಾರದ ಗುರುತು, ಅದು ಮಲೆಯಾಳದಲ್ಲಿ ಅಕ್ಷರದ ಎಡಗಡೆ ಕೂತ್ಕೊಳ್ತದೆ, ಅಂದ್ರೆ ಓದುವಾಗ ಮೊದಲು ಗುರುತು ಸಿಗ್ತದೆ ಆಮೇಲೆ ಅಕ್ಷರ, ನಮ್ಮ ಎತ್ವದ ಹಾಗೆ ಅಕ್ಷರದ ತಲೆ ಮೇಲೆ ಬರುದಲ್ಲ. ಕನ್ನಡದವರು ಎಡವುದು ಹೆಚ್ಚಾಗಿ ಇಲ್ಲಿಯೇ. ಇನ್ನೊಂದು ಚಿಲ್ಲು, ಅಂದ್ರೆ ರ್, ಲ್, ಳ್, ನ್, ಣ್ ಇಷ್ಟಕ್ಕೆ ಸ್ವರ ಇಲ್ಲದಾಗ ಬರೆಯುವ ಬೇರೆಯೇ ಅಕ್ಷರ. ಪೆರ್ಲದಲ್ಲಿ ರ್ ಚಿಲ್ಲು ಸಿಕ್ತು, ನೀರ್ಚಾಲಿನ ಬೋರ್ಡಿಗೆ ಬಂದ್ರೆ ಅದೇ ರ್ ಪುನಃ ಉಂಟು, ಜೊತೆಗೆ ಕೊನೆಗೆ ಲ್ ಚಿಲ್ಲು ಹೊಸತು. ಹೀಗೆ ಒಂದು ಬಸ್ ರೂಟಿನಲ್ಲಿ ಅರ್ಧ ಅಕ್ಷರಮಾಲೆ ಮುಗೀತದೆ, ಒಂದೊಂದು ಬೋರ್ಡಿನಲ್ಲೂ ಹೊಸತು ಬೆರಳೆಣಿಕೆಯಷ್ಟೇ.

ಪುಸ್ತಕದ ಕ್ರಮ ಭಾಷೆ ಬಲ್ಲವ ಮಾಡಿದ್ದು. ಅವನಿಗೆ ಅ ಆ ಇ ಈ ಚಂದದ ಜೋಡಣೆ, ಗೂಡಿನಲ್ಲಿ ಸಾಲಾಗಿ ಇಟ್ಟ ಹಾಗೆ. ಕಲಿಯುವವನಿಗೆ ಬೇಕಾದ ಕ್ರಮ ಬೇರೆ, ಯಾವುದು ಕಲಿತ್ರೆ ನಾಳೆಯೇ ಉಪಯೋಗ ಆಗ್ತದೆ, ಯಾವುದರ ಮೇಲೆ ಮುಂದಿನದ್ದು ನಿಲ್ತದೆ ಅನ್ನುವ ಕ್ರಮ. ಪಾಠಪುಸ್ತಕ ಬರೆಯುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಈ ವ್ಯತ್ಯಾಸ ಗಮನಿಸುದಿಲ್ಲ ಅಂತ ನನ್ನ ತಕರಾರು. ಹಾಗೆ ನೋಡಿದ್ರೆ ನಮಗೆ ಮಲೆಯಾಳದಲ್ಲಿ ಪುಕ್ಕಟೆ ಸಿಗುವುದೇ ತುಂಬ ಉಂಟು, ಕ ಖ ಗ ಘ ವರ್ಗ ಎಲ್ಲ ಅದೇ ಕ್ರಮ, ಸಂಸ್ಕೃತದ ಶಬ್ದ ಅರ್ಧಕ್ಕರ್ಧ ಗುರ್ತದ್ದೇ, ಕ್ರಿಯಾಪದವಂತೂ ನಮ್ಮದಕ್ಕಿಂತ ಸುಲಭ. ನಾವು ಹೋದೆ, ಹೋದ, ಹೋದಳು, ಹೋದರು ಅಂತ ಎಲ್ಲ ಬೇರೆ ಬೇರೆ ಹೇಳ್ಬೇಕು, ಅಲ್ಲಿ ಞಾನ್ ಆದ್ರೂ ಅವನ್ ಆದ್ರೂ ಅವಳ್ ಆದ್ರೂ ಪೋಯಿ, ಮುಗೀತು. ಇದಕ್ಕೆಲ್ಲ ಮೆಟ್ಟಿಲೇ ಬೇಡ. ಎಲ್ಲಿ ತೊಡಕು ಉಂಟೋ ಅಲ್ಲಿ ಮಾತ್ರ ಸಣ್ಣ ಮೆಟ್ಟಿಲು, ಉಳಿದ ಕಡೆ ಹಾರಿ ಹೋಗ್ಬಹುದು.

ಹೀಗೆ ತೊಡಕು ಬಿಡಿಸುವ ಕೆಲಸವನ್ನು ತುಂಬ ಹಿಂದೆಯೇ ಚಂದಕ್ಕೆ ಮಾಡಿಟ್ಟದ್ದು ನೋಡ್ಬೇಕಾದ್ರೆ ಕರ್ನಾಟಕ ಸಂಗೀತದ ಮೊದಲ ಪಾಠ ನೋಡ್ಬೇಕು. ಇದನ್ನು 16ನೇ ಶತಮಾನದಲ್ಲಿ ಪುರಂದರದಾಸರು ಹಾಕಿಕೊಟ್ಟದ್ದು ಅಂತ ಪರಂಪರೆ ಹೇಳ್ತದೆ. ಹಾಡು ಅಂದ್ರೆ ಶ್ರುತಿ, ಸ್ವರ, ತಾಳ, ಕಾಲ, ಸಾಹಿತ್ಯ, ಗಮಕ ಎಲ್ಲ ಒಟ್ಟಿಗೆ. ಮೊದಲ ಅಭ್ಯಾಸ ಆದ ಸರಳೆ ವರಸೆಯಲ್ಲಿ ಎಂತ ಮಾಡಿದ್ರು, ತಾಳ ಆದಿತಾಳ ಒಂದೇ, ರಾಗ ಮಾಯಾಮಾಳವಗೌಳ ಒಂದೇ, ಸಾಹಿತ್ಯ ಇಲ್ಲ, ಬದಲಾಗುದು ಸ್ವರದ ಸಾಲು ಮಾತ್ರ. ಆಮೇಲೆ ಅದೇ ಸಾಲನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ, ಇಲ್ಲಿ ಸಾಲು ಹಳತು, ವೇಗ ಹೊಸತು. ಜಂಟಿ ವರಸೆಯಲ್ಲಿ ಒಂದೊಂದು ಸ್ವರ ಎರಡೆರಡು ಸಲ, ಎರಡನೆಯದಕ್ಕೆ ಒತ್ತು. ಅಲಂಕಾರಕ್ಕೆ ಬಂದಾಗ ರಾಗ ಅದೇ, ಈಗ ತಾಳ ಬದಲಾಗ್ತದೆ, ಧ್ರುವದಿಂದ ಏಕದವರೆಗೆ ಏಳು ತಾಳ. ಒಂದು ಸಲಕ್ಕೆ ಒಂದೇ ಹಿಡಿಕೆ ತಿರುಗಿಸುದು, ಉಳಿದದ್ದು ಬಿಗಿ.

ರಾಗದ ಆಯ್ಕೆಯಲ್ಲೂ ಲೆಕ್ಕ ಉಂಟು. ಮಾಯಾಮಾಳವಗೌಳದಲ್ಲಿ ಸ-ರಿ ಹತ್ರ, ರಿ-ಗ ದೂರ, ಗ-ಮ ಹತ್ರ, ಮೇಲೆ ಹೋದ್ರೆ ಪ-ದ ಹತ್ರ, ದ-ನಿ ದೂರ, ನಿ-ಸ ಹತ್ರ, ಅಂದ್ರೆ ಕೆಳಗಿನ ಅರ್ಧದ ಅಚ್ಚೇ ಮೇಲಿನ ಅರ್ಧ. ಅರ್ಧ ಕಲಿತವನಿಗೆ ಇನ್ನರ್ಧ ಬಂದ ಹಾಗೆಯೇ. ಇದೆಲ್ಲ ಮುಗಿದ ಮೇಲೆ ಗೀತೆ. ಗೀತೆಯಲ್ಲಿ ಮೊದಲ ಸಲ ಸಾಹಿತ್ಯ ಬರ್ತದೆ, ರಾಗವೂ ಮಲಹರಿ ಅಂತ ಹೊಸತು. ಎರಡು ಹೊಸತು ಒಟ್ಟಿಗೆ ಆಯ್ತಲ್ಲ ಅಂತ ಕೇಳ್ಬಹುದು, ಆದ್ರೆ ಮಲಹರಿ ಅದೇ ಮಾಯಾಮಾಳವಗೌಳದ ಜನ್ಯ, ಅಂದ್ರೆ ಅದರಿಂದಲೇ ಹುಟ್ಟಿದ ರಾಗ, ಅದರಲ್ಲಿ ಬರುವ ಒಂದೊಂದು ಸ್ವರವೂ ಮಕ್ಕಳು ತಿಂಗಳುಗಟ್ಟಲೆ ಹಾಡಿ ಗಂಟು ಕಟ್ಟಿಟ್ಟದ್ದೇ, ನಿ ಇಲ್ಲ, ಹತ್ತುವಾಗ ಗ ಬಿಡ್ಬೇಕು, ಅಷ್ಟೇ ವ್ಯತ್ಯಾಸ. ಯೋಚನೆ ಮಾಡಿ ಇಟ್ಟ ಮೆಟ್ಟಿಲು ಅಂದ್ರೆ ಇದು.

ಆದ್ರೆ ಬಿಡಿಸಿ ಬಿಡಿಸಿ ಕಲಿಸುದರಲ್ಲಿ ಒಂದು ಅಪಾಯವೂ ಉಂಟು, ಅದು ಸಂಗೀತ ಕ್ಲಾಸಿನಲ್ಲೇ ಕಾಣ್ತದೆ, ವರಸೆ ಹಂತದಲ್ಲೇ ಬೇಜಾರಾಗಿ ಬಿಡುವ ಮಕ್ಕಳು ಎಷ್ಟು ಜನ. ಎಂತಕ್ಕೆ ಕಲಿಯುದು ಅಂತಲೇ ಗೊತ್ತಾಗುದಿಲ್ಲ, ಹಾಡು ಇನ್ನೂ ಎಷ್ಟೋ ದೂರ. ಇದಕ್ಕೆ ಮದ್ದು ಇನ್ನೊಂದು ರೀತಿಯ ಮೆಟ್ಟಿಲು, ಕೆಲಸ ಇಡೀ ಇರ್ಬೇಕು, ನಿಮ್ಮ ಪಾಲು ಮಾತ್ರ ಸಣ್ಣದಿರ್ಬೇಕು.

ಯಕ್ಷಗಾನದಲ್ಲಿ ಇದು ಮೊದಲಿಂದ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ನಮ್ಮ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಿ ಹೇಳ್ಬೇಕಂತ ಇಲ್ಲ, ಮೇಳಕ್ಕೆ ಹೊಸತಾಗಿ ಸೇರಿದ ಹುಡುಗನಿಗೆ ಮೊದಲು ಸಿಗುದು ಕಥೆ ಶುರುವಾಗುವ ಮೊದಲಿನ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷ. ಮಾತು ಇಲ್ಲ, ಕುಣಿತ ಮಾತ್ರ. ಆದ್ರೆ ವೇಷ ಕಟ್ಟುವ ಚೌಕಿ ನಿಜದ್ದು, ಬಣ್ಣ ನಿಜದ್ದು, ಚೆಂಡೆ ಮದ್ದಳೆ ನಿಜದ್ದು, ಎದುರು ಜನ ನಿಜದ್ದು. ಅವ ರಾತ್ರಿ ಇಡೀ ಉಳಿದ ವೇಷಗಳನ್ನು ನೋಡ್ತಾನೆ, ಕೇಳ್ತಾನೆ. ಆಮೇಲೆ ದೂತನೋ ಸಣ್ಣ ಬಲದವನೋ ಆಗಿ ಎರಡು ಮಾತು, ಆಮೇಲೆ ಎಳೆ ವೀರರ ಪುಂಡುವೇಷ, ಪೀಠಿಕೆ ಎದುರುವೇಷದಂತ ದೊಡ್ಡ ಪಾತ್ರ ಎಲ್ಲ ಎಷ್ಟೋ ವರ್ಷದ ನಂತರ. ಅರ್ಥ ಹೇಳುವ, ಅಂದ್ರೆ ಮಾತಾಡುವ ಹೊರೆ ಕೊನೆಗೆ ಬರುವ ಹಾಗೆ ಇಟ್ಟದ್ದು, ಆ ಹೊತ್ತಿಗೆ ಕಾಲಿನ ಕೆಲಸ ತಲೆಯಿಂದ ಇಳಿದು ಕಾಲಿಗೇ ಹೋಗಿರ್ತದೆ.

ಇದೇ ರೀತಿಯದ್ದನ್ನು ಜೀನ್ ಲೇವ್ ಅಂತ ಒಬ್ಬ ಮಾನವಶಾಸ್ತ್ರಜ್ಞೆ ಆಫ್ರಿಕದ ಲೈಬೀರಿಯಾದ ಟೈಲರ್‌ಗಳಲ್ಲಿ ನೋಡಿ ಬರೆದಿದ್ದಾರೆ. ಅಲ್ಲಿ ಕೆಲಸ ಕಲಿಯುವ ಹುಡುಗನಿಗೆ ಮೊದಲು ಕೊಡುದು ಕೊನೆಯ ಕೆಲಸ, ಗುಬ್ಬಿ ಹಚ್ಚುದು, ಅಂಚು ಮಡಚಿ ಹೊಲಿಯುದು, ಇಸ್ತ್ರಿ. ಆಮೇಲೆ ಹೊಲಿಗೆ. ಬಟ್ಟೆ ಕತ್ತರಿಸುದು ಎಲ್ಲಕ್ಕಿಂತ ಕೊನೆಗೆ. ಅಂಗಿ ತಯಾರಾಗುವ ಕ್ರಮಕ್ಕೆ ಪೂರ್ತಿ ಉಲ್ಟಾ. ಇದರಲ್ಲಿ ಲಾಭ ಎರಡು: ಶುರುವಿನ ಕೆಲಸ ತಪ್ಪಿದ್ರೆ ಬಟ್ಟೆಯೇ ಹಾಳು, ಕೊನೆಯದು ತಪ್ಪಿದ್ರೆ ಗುಬ್ಬಿ ಬಿಚ್ಚಿ ಪುನಃ ಹಚ್ಚಿದ್ರಾಯ್ತು. ಮತ್ತೆ ದಿನಾ ಮುಗಿದ ಅಂಗಿಯೇ ಕೈಯಲ್ಲಿ ಇರುದ್ರಿಂದ ಯಾವ ತುಂಡು ಎಲ್ಲಿಗೆ ಕೂತ್ಕೊಳ್ತದೆ ಅಂತ ಕತ್ತರಿ ಹಿಡಿಯುವ ಮೊದಲೇ ಗೊತ್ತಿರ್ತದೆ.

ಅರ್ಜಿ ತುಂಬಿಸ್ಲಿಕ್ಕೆ ಕಲಿಯುದೂ ಹೀಗೆಯೇ ಮಾಡ್ಬಹುದು. ಅಣ್ಣ ಅತ್ತಿಗೆಗೆ ಖಾಲಿ ಫಾರಂ ಕೊಡ್ಲಿಲ್ಲ, ತಾನೇ ಮಲೆಯಾಳದಲ್ಲಿ ತುಂಬಿಸಿ ಕೊನೆಯ ಒಂದು ಸಾಲು ಮಾತ್ರ ಬಿಟ್ಟು ಕೊಟ್ಟ, ತೀಯತಿ ಮತ್ತು ಒಪ್ಪು, ಅಂದ್ರೆ ತಾರೀಕು ಮತ್ತು ಸಹಿ. ಅದು ಎಂತ ಕಷ್ಟ ಅಲ್ಲ, ಆದ್ರೆ ಅಷ್ಟು ಮಾಡುವಾಗ ಮೇಲಿನದ್ದನ್ನೆಲ್ಲ ಕಣ್ಣಾಡಿಸ್ಬೇಕಾಗ್ತದೆ. ಮುಂದಿನ ಸಲ ವಾರ್ಡು, ಮೇಲ್ವಿಲಾಸ ಕೂಡ ಖಾಲಿ, ಮೇಲ್ವಿಲಾಸಂ ಅಂದ್ರೆ ವಿಳಾಸ. ಹೀಗೆ ಕೆಳಗಿಂದ ಮೇಲಕ್ಕೆ ಖಾಲಿ ಜಾಸ್ತಿ ಮಾಡ್ತಾ ಹೋದ್ರೆ ಕೊನೆಗೆ ಇಡೀ ಫಾರಂ ಅವರದ್ದೇ. ಲೆಕ್ಕ ಕಲಿಸುದರಲ್ಲೂ ಇದು ನಡೀತದೆ, ಪೂರ್ತಿ ಬಿಡಿಸಿದ ಲೆಕ್ಕ ತೋರಿಸುದು, ಆಮೇಲೆ ಕೊನೆಯ ಹೆಜ್ಜೆ ಮಾತ್ರ ಅವರು ಮಾಡುದು, ಆಮೇಲೆ ಕೊನೆಯ ಎರಡು. ಶುರುವಿಗೇ ಇಪ್ಪತ್ತು ಲೆಕ್ಕ ಕೊಟ್ಟು ಬಿಡಿಸು ಅಂದ್ರೆ ತಲೆ ಉತ್ತರ ಹುಡುಕುದರಲ್ಲೇ ಪೂರ್ತಿ ಖರ್ಚಾಗಿ ಕ್ರಮ ಕಲೀಲಿಕ್ಕೆ ಜಾಗ ಉಳಿಯುದಿಲ್ಲ ಅಂತ ಜಾನ್ ಸ್ವೆಲ್ಲರ್ ಅನ್ನುವ ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ 1988ರಿಂದ ಹೇಳ್ತಾ ಬಂದದ್ದು ಇದನ್ನೇ.

ಎಲ್ಲವನ್ನೂ ತುಂಡು ಮಾಡ್ಲಿಕ್ಕೆ ಆಗ್ತದೆ ಅಂತಲೂ ತಿಳ್ಕೊಳ್ಬೇಡಿ. ಕೆಲವು ವಿದ್ಯೆಯಲ್ಲಿ ಜೋಡಣೆಯೇ ವಿದ್ಯೆ, ತುಂಡು ಮಾಡಿದ್ರೆ ವಿದ್ಯೆಯೇ ಇಲ್ಲ. ಸೈಕಲಿಗೆ ಹಿಂದೆ ಎರಡು ಸಣ್ಣ ಚಕ್ರ ಹಾಕ್ತಾರಲ್ಲ ಮಕ್ಕಳಿಗೆ, ಅದರಲ್ಲಿ ಪೆಡಲು ತುಳಿಯುದು ಬರ್ತದೆ, ಬ್ಯಾಲೆನ್ಸ್ ಬರುದಿಲ್ಲ, ಕಲಿಯಬೇಕಾದ್ದು ಅದೇ ಆಗಿತ್ತು. ಅದರ ಬದಲು ಪೆಡಲು ತೆಗೆದು ಕಾಲಲ್ಲಿ ನೆಲಕ್ಕೆ ಒದ್ದು ಹೋಗುವ ಸೈಕಲು ಕೊಟ್ರೆ ಬ್ಯಾಲೆನ್ಸ್ ಮೊದಲೇ ಬರ್ತದೆ, ಪೆಡಲು ಆಮೇಲೆ ಎಂತ ದೊಡ್ಡದಲ್ಲ. ತೆಗೆಯುದು ಎರಡರಲ್ಲೂ ತೆಗೆಯುದೇ, ಒಂದರಲ್ಲಿ ತೆಗೆದದ್ದು ತಿರುಳು, ಇನ್ನೊಂದರಲ್ಲಿ ಸಿಪ್ಪೆ. ನಮ್ಮ ಹಿರಿಯರು ಕೆರೆಯಲ್ಲಿ ಈಜು ಕಲಿಸುವಾಗ ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಕಟ್ಟಿ ನೀರಿಗೆ ಬಿಡ್ತಿದ್ರು, ಕೈ ಬೇರೆ ಕಾಲು ಬೇರೆ ದಡದಲ್ಲಿ ಕಲಿಸಿದ್ದಲ್ಲ, ಕೈ ಕಾಲು ಉಸಿರು ಎಲ್ಲ ನೀರಿನಲ್ಲೇ ಒಟ್ಟಿಗೆ, ಮುಳುಗುವ ಹೆದರಿಕೆ ಮಾತ್ರ ಕಾಯಿಗೆ ಬಿಟ್ಟದ್ದು. ಆಮೇಲೆ ಒಂದು ಕಾಯಿ ಬಿಚ್ಚಿದ್ರು, ಆಮೇಲೆ ಇನ್ನೊಂದು.

ಈ ಬಿಚ್ಚುವ ಕೆಲಸವನ್ನು ತುಂಬ ಜನ ಮರೀತಾರೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಅಂತ ಮೂವರು, ಮೂರರಿಂದ ಐದು ವರ್ಷದ 30 ಮಕ್ಕಳಿಗೆ 21 ಮರದ ತುಂಡು ಕೊಟ್ಟು ಗೋಪುರ ಜೋಡಿಸ್ಲಿಕ್ಕೆ ಹೇಳಿ, ದೊಡ್ಡವರು ಎಲ್ಲಿ ಎಷ್ಟು ಸಹಾಯ ಮಾಡ್ಬೇಕು ಅಂತ ನೋಡಿದ್ರು. ಮಗು ತನ್ನಿಂದ ತಾನೇ ಮಾಡುವಲ್ಲಿ ಕೈ ಹಾಕ್ಬಾರ್ದು, ತಪ್ಪಿದಲ್ಲಿ ಸ್ವಲ್ಪ ಹೆಚ್ಚು, ಸರಿ ಆದಲ್ಲಿ ಸ್ವಲ್ಪ ಕಡಿಮೆ. ರಷ್ಯದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಅದಕ್ಕೂ ಮೊದಲೇ ಹೇಳಿದ್ರು, ಒಬ್ಬನೇ ಮಾಡ್ಲಿಕ್ಕೆ ಆಗುದಕ್ಕೂ ಇನ್ನೊಬ್ಬರ ಸಹಾಯದಿಂದ ಆಗುದಕ್ಕೂ ಮಧ್ಯ ಇರುವ ಜಾಗದಲ್ಲೇ ಕಲಿಕೆ ಆಗುದು ಅಂತ. ತೀರಾ ಸುಲಭದ್ದರಲ್ಲಿ ಕಲೀಲಿಕ್ಕೆ ಎಂತ ಇಲ್ಲ, ತೀರಾ ಕಷ್ಟದ್ದರಲ್ಲಿ ಕಲೀಲಿಕ್ಕೆ ಆಗುದಿಲ್ಲ.

ಮಲೆಯಾಳ ಕಲಿಯುವವರು ಬಿಚ್ಚದೆ ಉಳಿಸಿಕೊಳ್ಳುವ ಕಾಯಿ ಯಾವುದು ಅಂದ್ರೆ, ಮಲೆಯಾಳ ಅಕ್ಷರದ ಮೇಲೆ ಪೆನ್ಸಿಲಲ್ಲಿ ಕನ್ನಡದಲ್ಲಿ ಬರ್ಕೊಳ್ಳುದು. ಎರಡು ದಿನಕ್ಕೆ ಸರಿ. ಅದಕ್ಕಿಂತ ಹೆಚ್ಚು ಇಟ್ರೆ ಕಣ್ಣು ಸೀದ ಕನ್ನಡಕ್ಕೇ ಹೋಗ್ತದೆ, ಮಲೆಯಾಳ ಅಕ್ಷರ ಅಲ್ಲಿ ಬಳ್ಳಿ ಚಿತ್ರದ ಹಾಗೆ ಇರ್ತದೆ ಅಷ್ಟೇ. ಬರೆಯುದಿದ್ರೆ ಮೇಲೆ ಬರೀಬೇಡಿ, ಕಾಗದದ ಹಿಂದೆ ಬರೀರಿ, ಮೊದಲು ಹೇಳಿ ನೋಡಿ ಆಮೇಲೆ ತಿರುಗಿಸಿ. ಬಸ್ಸಿನ ಬೋರ್ಡಿನಲ್ಲಿ ಇಂಗ್ಲಿಷ್ ಕೂಡ ಇದ್ರೆ ಮೊದಲು ಮಲೆಯಾಳ, ಸರಿಯಾ ಅಂತ ನೋಡ್ಲಿಕ್ಕೆ ಮಾತ್ರ ಇಂಗ್ಲಿಷ್. ನೆನಪಿಂದ ಎಳೆದು ತೆಗೆಯುವ ಈ ಸಣ್ಣ ಒದ್ದಾಟವೇ ಕೆಲಸ ಮಾಡುದು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು 2006ರಲ್ಲಿ ತೋರಿಸಿದ್ದು ಕುತೂಹಲದ್ದು, ಪಾಠವನ್ನು ಪುನಃ ಪುನಃ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ರು, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಒಂದು ವಾರದ ನಂತರದ್ದರಲ್ಲಿ ಮುಂದಿದ್ರು. ಅಂದ್ರೆ ಓದುವಾಗ ಚಂದ ಬರ್ತಾ ಉಂಟು ಅಂತ ಅನಿಸುದನ್ನು ನಂಬ್ಲಿಕ್ಕಿಲ್ಲ.

ಮರೆಯುವ ವಿಷಯದಲ್ಲೂ ಹೆಚ್ಚು ಬೇಜಾರು ಮಾಡ್ಬೇಕಂತ ಇಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಪುನಃ ಕಲೀಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೆದು 1885ರಲ್ಲಿ ಪ್ರಕಟ ಮಾಡಿದ. ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗ್ತದೆ, ಆಮೇಲೆ ಇಳಿಯುದು ನಿಧಾನ. ಆದ್ರೆ ಪೂರ್ತಿ ಮರೆತ ಹಾಗೆ ಕಂಡದ್ದನ್ನೂ ಎರಡನೇ ಸಲ ಕಲಿಯುವಾಗ ಹೊತ್ತು ಕಡಿಮೆ ಸಾಕು. ಹಾಗಾಗಿ ಭಾನುವಾರ ಮೂರು ಗಂಟೆ ಕೂತು ಕಲಿಯುದಕ್ಕಿಂತ ವಾರ ಇಡೀ ಸ್ವಲ್ಪ ಸ್ವಲ್ಪ ಬಿಟ್ಟು ಬಿಟ್ಟು ಕಲಿಯುದು ಮೇಲು. ಬಸ್ಸಿನಲ್ಲಿ ದಿನಾ ಹೋಗುವವರಿಗೆ ಇದಕ್ಕೆ ಟೈಮ್‌ಟೇಬಲೇ ಬೇಡ, ಅದೇ ಅಂಗಡಿ, ಅದೇ ಬ್ಯಾಂಕು, ಅದೇ ಪೋಸ್ಟರು ದಿನಕ್ಕೆ ಎರಡು ಸಲ ಎದುರು ಬರ್ತದೆ.

ಒಂದು ಮುಖ್ಯ ವಿಷಯ, ಒಬ್ಬರ ಮೆಟ್ಟಿಲು ಇನ್ನೊಬ್ಬರಿಗೆ ಆಗುದಿಲ್ಲ. ಕಾಸರಗೋಡು ಪೇಟೆಯಲ್ಲೇ ಬೆಳೆದ ಕನ್ನಡ ಮೀಡಿಯಂ ಹುಡುಗ ಉಂಟಲ್ಲ, ಅವನಿಗೆ ಮಲೆಯಾಳ ಪಟಪಟ ಮಾತಾಡ್ಲಿಕ್ಕೆ ಬರ್ತದೆ, ಸಿನೆಮಾದ ಡೈಲಾಗು ಕೂಡ ಹೇಳ್ತಾನೆ, ಓದ್ಲಿಕ್ಕೆ ಮಾತ್ರ ಬರುದಿಲ್ಲ. ಅವನಿಗೆ ಶಬ್ದಾರ್ಥ, ವಾಕ್ಯ ಅಂತ ಮೊದಲಿಂದ ಕಲಿಸ್ಲಿಕ್ಕೆ ಹೋದ್ರೆ ಬೇಜಾರು ಮಾತ್ರ ಅಲ್ಲ, ನಿಜಕ್ಕೂ ಹಿಂದೆ ಬೀಳ್ತಾನೆ, ಗೊತ್ತಿರುವವನಿಗೆ ಗೊತ್ತಿರುದನ್ನೇ ಬಿಡಿಸಿ ಹೇಳಿದ್ರೆ ಕಲಿಕೆ ಕೆಡ್ತದೆ ಅಂತ ಸಂಶೋಧನೆಗಳೂ ಹೇಳ್ತವೆ. ಅವನಿಗೆ ಬೇಕಾದ್ದು ಆಕಾರ ಮಾತ್ರ, ಸೀದ ಸಿನೆಮಾ ಪೋಸ್ಟರು, ವಾಟ್ಸಾಪ್ ಮೆಸೇಜು ಕೊಡಿ, ಕೆಲವೇ ವಾರದ ಕೆಲಸ. ಅತ್ತಿಗೆಗೆ ಆಕಾರವೂ ಹೊಸತು ಅರ್ಥವೂ ಹೊಸತು ಆದ ಕಾರಣ ಊರ ಹೆಸರಿಂದ ಶುರು ಮಾಡ್ಬೇಕಾಯ್ತು. ಹಾಗಾಗಿ ನಾನು ಇಂತ ಪುಸ್ತಕದಲ್ಲಿ ಕಲಿತೆ, ನೀವೂ ಅದನ್ನೇ ತಗೊಳ್ಳಿ ಅಂತ ಹೇಳುವವರ ಹತ್ರ ಮೊದಲು ಕೇಳ್ಬೇಕಾದ್ದು, ಶುರು ಮಾಡುವಾಗ ನಿಮಗೆ ಎಂತೆಲ್ಲ ಗೊತ್ತಿತ್ತು ಅಂತ.

ಬೋರ್ಡು ಮುಗಿದ ಮೇಲೆ ಎಂತ ಓದುದು ಅನ್ನುವಲ್ಲಿ ತುಂಬ ಜನ ನಿಲ್ತಾರೆ, ಯಾಕಂದ್ರೆ ಬೋರ್ಡಿಂದ ಪತ್ರಿಕೆಯ ಸಂಪಾದಕೀಯಕ್ಕೆ ಹಾರಿದ್ರೆ ಪುನಃ ನಾಲ್ಕಕ್ಕಿಂತ ಜಾಸ್ತಿ ಹೊಸತು ಒಟ್ಟಿಗೆ. ಮಧ್ಯದ ಮೆಟ್ಟಿಲಿಗೆ ನಾನು ಹೇಳುದು, ಕೇಳ್ಲಿಕ್ಕೆ ಒಂಥರಾ ಆಗ್ಬಹುದು, ಪತ್ರಿಕೆಯಲ್ಲಿ ಮರಣದ ಸುದ್ದಿ ಹಾಕುವ ಪುಟ. ಎಲ್ಲದರ ಅಚ್ಚು ಒಂದೇ, ಊರು, ಹೆಸರು, ವಯಸ್ಸು, ಹೆಂಡತಿ ಅಥವಾ ಗಂಡನ ಹೆಸರು, ಮಕ್ಕಳು, ಅಳಿಯಂದಿರು ಸೊಸೆಯಂದಿರು. ಹತ್ತು ಸುದ್ದಿ ಓದುವಷ್ಟರಲ್ಲಿ ಸಂಬಂಧದ ಶಬ್ದ ಎಲ್ಲ ಬಂತು, ಬದಲಾಗುದು ಹೆಸರು ಮಾತ್ರ, ಹೆಸರು ನಮಗೆ ಗೊತ್ತಿದ್ದದ್ದೇ. ಅತ್ತಿಗೆ ಅದನ್ನೇ ಹಿಡಿದು ಕೂತ್ರು, ಈಗ ಸೀಮೆಯಲ್ಲಿ ಯಾರು ಹೋದ್ರು, ಅವರ ಸೊಸೆ ಯಾವ ಊರಿನವಳು ಅಂತ ನಮಗಿಂತ ಮೊದಲು ಅವರಿಗೇ ಗೊತ್ತಾಗುದು, ಅಣ್ಣ ಬೆಳಿಗ್ಗೆ ಚಾ ಕುಡಿಯುವಾಗ ಇದೆಂತ ಕರ್ಮ ಅಂತ ಗೊಣಗ್ತಾನೆ.

ಅವರಿಗೆ ಈಗ ಉಳಿದದ್ದು ಕಚೇರಿ ನೋಟೀಸು. ಅದರಲ್ಲಿ ಒಂದೇ ವಾಕ್ಯ ಆರು ಸಾಲು ಹೋಗ್ತದೆ, ಮಧ್ಯದಲ್ಲಿ ಉಸಿರು ಬಿಡ್ಲಿಕ್ಕೂ ಜಾಗ ಇಲ್ಲ. ಇದಕ್ಕೂ ಕೊನೆಯಿಂದ ಶುರು ಮಾಡುವ ಉಪಾಯವೇ ಆಗ್ತದೆ, ಮಲೆಯಾಳದಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುದು ತಾನೇ, ಮೊದಲು ಕೊನೆಯ ಶಬ್ದಕ್ಕೆ ಹೋಗಿ ಎಂತ ಮಾಡ್ಲಿಕ್ಕೆ ಹೇಳ್ತಾರೆ ನೋಡುದು, ಕೊಡ್ಬೇಕಾ, ಬರ್ಬೇಕಾ, ಕಟ್ಬೇಕಾ. ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಬಂದು ಎಲ್ಲಿಗೆ, ಯಾವ ತಾರೀಕಿನ ಒಳಗೆ, ಯಾವ ಕಾಗದ ತಗೊಂಡು. ಶುರುವಿನ ಎರಡು ಸಾಲು ಹೆಚ್ಚಾಗಿ ಯಾವ ಆದೇಶದ ಪ್ರಕಾರ ಅಂತ ನಂಬರು ಇರುದು, ಅದನ್ನು ಮಲೆಯಾಳದವರೂ ಓದುದಿಲ್ಲ.